ಏಳು ಗಂಟೆಯ ಭೋಂಗಾ ಮತ್ತು ನನ್ನ ಡಬ್ಬಾ ಫೋನು

ಪುಣೆಯ ಸ್ವಾರಗೇಟ ಗೊತ್ತಿರುವವರಿಗೆ ಅಲ್ಲಿನ ಗದ್ದಲವನ್ನು ಬಣ್ಣಿಸಬೇಕಿಲ್ಲ. ಒಂದು ಕಡೆ ಎಸ್‌ಟಿ ಬಸ್‌ಗಳು, ಇನ್ನೊಂದು ಕಡೆ ಸಿಟಿ ಬಸ್‌ಗಳು, 2024ರ ಸೆಪ್ಟೆಂಬರ್‌ನಿಂದ ನೆಲದಡಿಯ ಮೆಟ್ರೊ ಬೇರೆ. ಇವುಗಳ ನಡುವೆ ಕನ್ನಡದ ಬೋರ್ಡು ಹೊತ್ತ ನಮ್ಮ ಕಡೆಯ ಬಸ್ ಕಂಡರೆ ಊರಿನವರೇ ಸಿಕ್ಕಷ್ಟು ಖುಷಿ.

ಹೋದ ವರ್ಷ ಯುಗಾದಿಗೆ ಧಾರವಾಡಕ್ಕೆ ಹೊರಟಿದ್ದೆವು. ಹೆಂಡತಿ ನೀರಿನ ಬಾಟಲಿ ತರಲು ಹೋಗಿದ್ದಳು. ನಾಲ್ಕು ವರ್ಷದ ಮಗಳ ಕೈ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಆಫೀಸಿನ ಮೆಸೇಜು ಬಂತು. ಉತ್ತರ ಬರೆಯಲು ಎರಡೂ ಕೈ ಬೇಕಾದವು. ತಲೆ ಎತ್ತಿದಾಗ ಮಗಳಿಲ್ಲ.

ಮೂರ್ನಾಲ್ಕು ನಿಮಿಷ ಅಷ್ಟೇ. ಕಬ್ಬಿನ ಹಾಲಿನ ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದು ಕೇಳಿ ಆ ಕಡೆ ನಡೆದುಬಿಟ್ಟಿದ್ದಳು. ಅಜ್ಜಿಯೊಬ್ಬರು ಅವಳ ಕೈ ಹಿಡಿದು ನಿಂತಿದ್ದರು. ‘ಬಾಬಾ ಕುಠೆ?’ ಎಂದು ಕೇಳಿದ್ದಕ್ಕೆ ಮಗಳು ‘ಬಾಬಾ ಮೊಬೈಲ್‌ಮಧ್ಯೆ’ ಎಂದಳಂತೆ. ಅಪ್ಪ ಮೊಬೈಲಿನೊಳಗಿದ್ದಾನೆ! ಅಜ್ಜಿ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಾನು ಎಂಟೆಕ್ ಓದಿ ಸಾಫ್ಟ್‌ವೇರ್ ಬರೆಯುವವನು. ಫೋನು ನಮ್ಮನ್ನು ಹೇಗೆ ಹಿಡಿದಿಡುತ್ತದೆ ಎಂಬುದು ನನಗೆ ತಿಳಿಯದ್ದಲ್ಲ. ಬೆರಳು ಸರಿಸಿದಷ್ಟೂ ಮುಗಿಯದ ಪರದೆಯನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಏಜಾ ರಾಸ್ಕಿನ್. ಮುಂದೆ ಅವರೇ ಅದಕ್ಕಾಗಿ ಪರಿತಪಿಸಿದ್ದಾರೆ. ಪುಟಕ್ಕೊಂದು ಕೊನೆಯಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಕೊನೆಯೇ ಇಲ್ಲದಿದ್ದರೆ ಬೆರಳು ತಾನಾಗಿಯೇ ಮುಂದುವರಿಯುತ್ತದೆ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಮಗಳ ಗಂಟೆಯನ್ನು ನಾನು ಲೆಕ್ಕ ಇಟ್ಟಿದ್ದೆ. ನನ್ನದನ್ನು ಇಟ್ಟಿರಲಿಲ್ಲ.

ಊರಿನಿಂದ ಮರಳಿದ ವಾರವೇ ಕೀಪ್ಯಾಡ್ ಫೋನು ಕೊಂಡೆ. ಸ್ಮಾರ್ಟ್‌ಫೋನು ಆಫೀಸಿನ ಡ್ರಾವರ್ ಸೇರಿತು, ಲಾಗಿನ್‌ಗೆ ಬೇಕಲ್ಲ. ಮೆಟ್ರೊ ಟಿಕೆಟ್ ಕೌಂಟರಿನಲ್ಲಿ ಸಿಗುತ್ತದೆ. ರಿಕ್ಷಾ ಕೈ ತೋರಿಸಿದರೆ ನಿಲ್ಲುತ್ತದೆ. ಇಂಥ ಫೋನಿನಿಂದಲೂ ಹಣ ಕಳಿಸಲೆಂದು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಆರಂಭಿಸಿದೆ. ಕರೆ ಮಾಡಿ ಅಂಕಿ ಒತ್ತಿದರಾಯಿತು, ಇಂಟರ್‌ನೆಟ್ ಬೇಡ. ಆದರೆ ಕಾಯಿಪಲ್ಯೆ ಅಂಗಡಿಯಲ್ಲಿ ಹಿಂದೆ ಐದು ಜನ ನಿಂತಿರುವಾಗ ಅದೆಲ್ಲ ಆಗದು. ಜೇಬಿನಲ್ಲಿ ಚಿಲ್ಲರೆ ಇಡುವುದನ್ನು ಮತ್ತೆ ಕಲಿತೆ. ಚಾರ್ಜು ವಾರವಿಡೀ ಬರುತ್ತಿತ್ತು. ಅವ್ವನ ಜೊತೆ ಮಾತಾಡುವಾಗ ಬೇರೇನೂ ನೋಡಲು ಇರಲಿಲ್ಲವಾದ್ದರಿಂದ ಮಾತು ಪೂರ್ತಿ ಕಿವಿಗೆ ಬೀಳುತ್ತಿತ್ತು. ಎದುರಿಗೆ ಸಿಕ್ಕವರಿಗೆಲ್ಲ ನನ್ನ ಸಾಹಸ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಹೆಂಡತಿ ಬಾಯಿ ತೆರೆದಳು. ‘ನೀವು ಫೋನ್ ಬಿಟ್ಟಿಲ್ರಿ, ನನ್ನ ಕೈಯಾಗ ಇಟ್ಟೀರಿ.’

ಬೆರಳು ಮಡಚಿ ಎಣಿಸಿದಳು. ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಗ್ಯಾಸ್ ಬುಕಿಂಗ್, ಲೈಟ್ ಬಿಲ್ಲು, ಮಗಳ ಡಾಕ್ಟರ್ ಅಪಾಯಿಂಟ್‌ಮೆಂಟು, ಅವ್ವನಿಗೆ ಮೊಮ್ಮಗಳ ಮುಖ ತೋರಿಸುವ ವಿಡಿಯೊ ಕರೆ. ಕೊನೆಗೆ, ನನ್ನನ್ನು ವಿಚಾರಿಸಿ ನನ್ನ ಗೆಳೆಯರು ಕಳಿಸುವ ಮೆಸೇಜುಗಳು. ಅವಳಿಗೂ ನೌಕರಿ ಇದೆ. ‘ಸನ್ಯಾಸಿ ನೀವಾದ್ರಿ, ಸಂಸಾರ ನನಗ ಬಂತು’ ಎಂದಳು.

ಉತ್ತರ ಇರಲಿಲ್ಲ. ಮಗಳ ಪಾಲಿಗೂ ಹೆಚ್ಚೇನೂ ಬದಲಾಗಿರಲಿಲ್ಲ. ಮೊದಲು ಅಪ್ಪ ಮೊಬೈಲಿನೊಳಗಿದ್ದ, ಈಗ ಅವ್ವ ಇದ್ದಳು.

ಆಗ ನೆನಪಾದದ್ದು ಸಾಂಗ್ಲಿ ಜಿಲ್ಲೆಯ ಮೊಹಿತ್ಯಾಂಚೆ ವಡಗಾವ. ಸುಮಾರು 3,000 ಜನರ ಊರು. ಕೊರೊನಾ ಕಾಲದ ಆನ್‌ಲೈನ್ ಪಾಠ ಮುಗಿದ ಮೇಲೂ ಮಕ್ಕಳ ಕೈಯಿಂದ ಫೋನು ಇಳಿಯಲಿಲ್ಲ. ಹೀಗಾಗಿ 2022ರ ಆಗಸ್ಟ್ 15ರಿಂದ ಅಲ್ಲಿ ಸಂಜೆ 7ಕ್ಕೆ ಗುಡಿಯ ಮೇಲಿನ ಭೋಂಗಾ ಕೂಗತೊಡಗಿತು. ಕೂಗಿದ ಕೂಡಲೇ ಟಿ.ವಿ., ಮೊಬೈಲು ಬಂದ್. 8.30ರವರೆಗೆ ಓದು, ಬರಹ, ಮಾತು. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ನಮ್ಮ ಬೆಳಗಾವಿಯ ಹಲಗಾದಲ್ಲಿಯೂ ಇಂಥದೇ ಸೈರನ್ ಶುರುವಾಯಿತು, 7ರಿಂದ 9ರವರೆಗೆ. ಧಾರವಾಡದ ಬಸ್ಸಿನಲ್ಲಿ ಕೂತವರು ಬೆಳಗಾವಿ ದಾಟುತ್ತಿದ್ದಂತೆ ಹಾಯ್ದುಹೋಗುವ ಊರು ಅದು.

ಆ ಊರುಗಳು ಯಾರ ಫೋನನ್ನೂ ಬಿಡಿಸಲಿಲ್ಲ. ಎಲ್ಲರೂ ಒಟ್ಟಿಗೆ, ಒಂದೇ ಹೊತ್ತಿಗೆ ಕೆಳಗಿಟ್ಟರು, ಅಷ್ಟೇ. ನಾನು ಒಬ್ಬನೇ ಬಿಟ್ಟಿದ್ದೆ. ನಾನು ಬಿಟ್ಟ ಕೆಲಸ ಮನೆಯಲ್ಲಿ ಇನ್ನೊಬ್ಬರ ತಲೆಯ ಮೇಲೆ ಬಿದ್ದಿತ್ತು.

ಈಗ ನಮ್ಮ ಮನೆಯ ಪದ್ಧತಿ ಬೇರೆ. ನನ್ನ ಸ್ಮಾರ್ಟ್‌ಫೋನು ಡ್ರಾವರಿನಿಂದ ಮನೆಗೆ ಬಂದಿದೆ. ಆದರೆ ಅದರ ಜಾಗ ಫ್ರಿಜ್ ಮೇಲೆ, ಮೊದಲು ಲ್ಯಾಂಡ್‌ಲೈನ್ ಇರುತ್ತಿದ್ದ ಹಾಗೆ. ನೋಡಬೇಕೆಂದರೆ ನಿಂತುಕೊಂಡೇ ನೋಡಬೇಕು. ಶಾಲೆಯ ಗುಂಪು, ಬಿಲ್ಲು, ಗ್ಯಾಸ್ ನನ್ನ ಪಾಲು. ಡಾಕ್ಟರು, ದಿನಸಿ ಅವಳ ಪಾಲು. ಏಳಕ್ಕೆ ಅವಳ ಫೋನೂ ಫ್ರಿಜ್ ಮೇಲೇರುತ್ತದೆ. ತುರ್ತು ಕರೆಗೆ ಡಬ್ಬಾ ಫೋನು ಇದ್ದೇ ಇದೆ. ಅದರ ನಂಬರು ಅವ್ವನಿಗೂ ಆಫೀಸಿಗೂ ಗೊತ್ತು.

ಎಲ್ಲ ದಿನವೂ ನಡೆಯುತ್ತದೆ ಎಂದರೆ ಸುಳ್ಳಾದೀತು. ಕ್ರಿಕೆಟ್ ಫೈನಲ್ ದಿನ ನಾನೇ ಮುರಿದಿದ್ದೇನೆ. ಆಫೀಸಿನ ರಿಲೀಸ್ ಇದ್ದಾಗ ಲ್ಯಾಪ್‌ಟಾಪ್ ತೆರೆಯಲೇಬೇಕು. ಆದರೆ ಉಳಿದ ದಿನ ಗಡಿಯಾರ ನೋಡುವ ಕೆಲಸ ಮಗಳದು. ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದೊಡನೆ ಬಾಯಿಗೆ ಕೈ ಹಚ್ಚಿ ಭೋಂಗಾ ಕೂಗುತ್ತಾಳೆ. ಪಕ್ಕದ ಫ್ಲ್ಯಾಟಿನ ಕಾಕೂಗೂ ಅದು ರೂಢಿಯಾಗಿದೆ.

ಈ ಬರಹವನ್ನೂ ಎಂಟೂವರೆಯ ನಂತರವೇ ಬರೆದೆ. ಶನಿವಾರ ಮತ್ತೆ ಊರಿಗೆ ಹೊರಟಿದ್ದೇವೆ. ಸ್ವಾರಗೇಟದಲ್ಲಿ ಕಬ್ಬಿನ ಹಾಲು ಕುಡಿಸುವುದಾಗಿ ಮಗಳಿಗೆ ಮಾತು ಕೊಟ್ಟಿದ್ದೇನೆ.