ಮರೆವಿನ ಮೇಲೆ ಕಟ್ಟಿದ ಶಾಂತಿ

ವೈಜ್ಞಾನಿಕ ಕಥಾನಕವೆಂದರೆ ಯಂತ್ರಗಳ ಕಥೆಯೆಂದು ನಮ್ಮಲ್ಲಿ ಅನೇಕರ ಭಾವನೆ. ನಾನೂ ಹಾಗೆಯೇ ತಿಳಿದಿದ್ದೆ. ಅಮೆರಿಕದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ಟೆಲಿವಿಷನ್ ಮಾಲಿಕೆಯಲ್ಲಿ 1993ರಲ್ಲಿ ಎರಡು ಕಂತುಗಳಾಗಿ ಬಂದ ‘ಬರ್ತ್‌ರೈಟ್’ ಎಂಬ ಕಥೆಯನ್ನು ನೋಡಿದ ಮೇಲೆ ಆ ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಹೆಸರಿನ ಅರ್ಥ, ಹುಟ್ಟಿನಿಂದ ಬಂದ ಹಕ್ಕು.

ಕ್ಲಿಂಗನ್ನರೂ ರೋಮ್ಯುಲನ್ನರೂ ಬದ್ಧವೈರಿಗಳು. ಖಿಟೋಮರ್ ಎಂಬಲ್ಲಿ ರೋಮ್ಯುಲನ್ನರು ನಡೆಸಿದ ಹತ್ಯಾಕಾಂಡದಲ್ಲಿ ಹೆತ್ತವರನ್ನು ಕಳೆದುಕೊಂಡು ಮಾನವ ದಂಪತಿಗಳ ಆಶ್ರಯದಲ್ಲಿ ಬೆಳೆದ ಕ್ಲಿಂಗನ್ ವೀರ ವೋರ್ಫ್. ಈ ಪಾತ್ರವನ್ನು ವಹಿಸಿದವರು ಮೈಕೆಲ್ ಡಾರ್ನ್. ತಂದೆ ಇನ್ನೂ ಸೆರೆಯಲ್ಲಿರುವನೆಂಬ ವದಂತಿಯನ್ನು ಕೇಳಿ ವೋರ್ಫ್ ದೂರದ ಗ್ರಹವೊಂದಕ್ಕೆ ಹೋಗುತ್ತಾನೆ. ಅಲ್ಲಿ ತಂದೆಯಿಲ್ಲ, ಖಿಟೋಮರಿನಲ್ಲಿ ಸೆರೆಸಿಕ್ಕವರು ಕೆಲವರಿದ್ದಾರೆ. ಆದರೆ ಅದು ಸೆರೆಮನೆಯಂತಿಲ್ಲ. ಸೆರೆಯಾಳುಗಳೂ ಕಾವಲುಗಾರರೂ ಒಂದೇ ಊರಿನವರಂತೆ ಬಾಳುತ್ತಿದ್ದಾರೆ! ಜೀವಸಹಿತ ಸೆರೆಸಿಕ್ಕ ಅಪಕೀರ್ತಿ ಮಕ್ಕಳಿಗೂ ತಟ್ಟುವುದೆಂದು ಕ್ಲಿಂಗನ್ನರು ಸ್ವದೇಶಕ್ಕೆ ಮರಳಲಾರರು. ಅವರನ್ನು ಕೊಲ್ಲಲೊಲ್ಲದ ರೋಮ್ಯುಲನ್ ಅಧಿಕಾರಿ ಟೋಖಾತ್ ತನ್ನ ಪದವಿಯ ಆಸೆಯನ್ನು ತೊರೆದು ಅಲ್ಲಿಯೇ ಉಳಿದಿದ್ದಾನೆ; ಕ್ಲಿಂಗನ್ ಹೆಣ್ಣನ್ನು ಮದುವೆಯಾಗಿದ್ದಾನೆ.

ಇದಕ್ಕಿಂತ ಉತ್ತಮವಾದ ಸಹಬಾಳ್ವೆ ಬೇರೆ ಯಾವುದು? ಆದರೆ ಈ ಶಾಂತಿಗೆ ಬೆಲೆ ತೆತ್ತವರು ಮಕ್ಕಳು. ಹಿರಿಯರು ಅವರಿಗೆ ಏನನ್ನೂ ಹೇಳಿಲ್ಲ. ಟೋಕ್ ಎಂಬ ತರುಣ ಪೂರ್ವಿಕರ ಈಟಿಯಿಂದ ತೋಟದ ಮಣ್ಣನ್ನು ಕೆದಕುತ್ತಿದ್ದಾನೆ. ಅದು ಆಯುಧವೆಂಬುದೇ ಅವನಿಗೆ ತಿಳಿಯದು. ವೋರ್ಫ್ ಅವನಿಗೆ ಬೇಟೆಯನ್ನು ಕಲಿಸುತ್ತಾನೆ, ಕುಲದ ಕಥೆಗಳನ್ನು ಹೇಳುತ್ತಾನೆ. ಬೇಟೆಯಿಂದ ಮರಳಿದ ಹುಡುಗ ಎಲ್ಲರೆದುರು ಹಳೆಯ ಹಾಡನ್ನು ಎತ್ತಿಕೊಂಡಾಗ ಹಿರಿಯರೂ ದನಿಗೂಡಿಸುತ್ತಾರೆ.

ಇಲ್ಲಿಯೇ ಮುಗಿದಿದ್ದರೆ ಕಥೆ ಸಾಮಾನ್ಯವಾಗುತ್ತಿತ್ತು. ಈಟಿಯ ಹೆಸರನ್ನು ಕಲಿಸಲು ಬಂದ ವೋರ್ಫನ ಎದೆಯಲ್ಲಿ ಹಗೆಯೂ ಇದೆ. ಅವನು ಮೆಚ್ಚಿದ ಬಾಯೆಲ್ ಎಂಬ ತರುಣಿ ಟೋಖಾತನ ಮಗಳು. ಕೂದಲಿನ ಮರೆಯಲ್ಲಿದ್ದ ಅವಳ ಚೂಪು ಕಿವಿ ಕಂಡೊಡನೆ ಅವನು ಹೇಸಿ ಹಿಂದೆಗೆಯುತ್ತಾನೆ. ಪರಂಪರೆಯೊಡನೆ ದ್ವೇಷವೂ ಮನೆಯೊಳಕ್ಕೆ ಬಂದೀತೆಂಬ ಟೋಖಾತನ ಭಯ ಸುಳ್ಳಲ್ಲ. ನಮ್ಮಂತೆ ಬಾಳು, ಇಲ್ಲವೇ ಸಾಯಿ ಎಂದು ಅವನು ವೋರ್ಫನಿಗೆ ಹೇಳುತ್ತಾನೆ. ವೋರ್ಫ್ ಸಾವನ್ನು ಆರಿಸಿಕೊಳ್ಳುತ್ತಾನೆ. ತರುಣರು ಅವನ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಕೊನೆಗೆ ಟೋಖಾತನೇ ಮಣಿದು ಅವರನ್ನು ಹೋಗಗೊಡುತ್ತಾನೆ.

ಬಾಯೆಲ್ ಮಾತ್ರ ಹೋಗುವುದಿಲ್ಲ. ಹೊರಗಿನ ಲೋಕದಲ್ಲಿ ಅವಳ ಮಿಶ್ರರಕ್ತಕ್ಕೆ ಎಡೆಯಿಲ್ಲ. ಮರಳಿದ ವೋರ್ಫ್ ತನ್ನ ನಾಯಕನಿಗೆ, ಖಿಟೋಮರಿನವರು ಯಾರೂ ಬದುಕುಳಿದಿಲ್ಲವೆಂದು ತಿಳಿಸುತ್ತಾನೆ. ಮಕ್ಕಳಿಂದ ಸತ್ಯವನ್ನು ಮರೆಮಾಡಬಾರದೆಂದು ವಾದಿಸಿದವನೇ ಹಿರಿಯರ ಮಾನಕ್ಕಾಗಿ ಸತ್ಯವನ್ನು ಮರೆಮಾಡುತ್ತಾನೆ.

ಯುದ್ಧವನ್ನು ಹಾಡುವ ಕಾವ್ಯಗಳನ್ನು ತರಗತಿಯಲ್ಲಿ ಓದಿಸುವುದು ನನ್ನ ವೃತ್ತಿ. ಎಳೆಯರಿಗೆ ಈಟಿಯ ಹೆಸರನ್ನು ಹೇಳದಿರುವುದು ತಪ್ಪು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೇಳುವಾಗ ನನ್ನ ಎದುರಿನ ಬೆಂಚಿನಲ್ಲಿ ಒಬ್ಬ ಬಾಯೆಲ್ ಕುಳಿತಿರಬಹುದೆಂಬ ಎಚ್ಚರ ಈಗ ಬಂದಿದೆ.