ಗಟ್ಟಿ ಇಂಜೆಕ್ಷನ್‌ಗೆ ನೀರು ಬೆರೆಸಬಹುದೇ?

ಉಣ್ಣಿ, ಕಜ್ಜಿ, ಜಂತಿಗೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ನೀರಿಗಿಂತ ಮಂದ. ಚಳಿಗಾಲದ ಮುಂಜಾನೆ ಸಣ್ಣ ಸೂಜಿಯಲ್ಲಿ ಇಳಿಯಲು ಸತಾಯಿಸುತ್ತದೆ. ನಮ್ಮ ಮಿಶ್ರಿಕೋಟಿ ಕಡೆ ಕುರಿ ಸಾಕಿದವರು ಕೇಳುವುದುಂಟು: "ಯಣ್ಣಾ, ಸ್ವಲ್ಪ ನೀರ ಹಾಕಿ ತೆಳ್ಳಗ ಮಾಡಿದ್ರ ಏನಾಕ್ಕೈತಿ?" ಬೇಡ ಎಂದಷ್ಟೇ ಹೇಳಿದರೆ ಸಾಲದು, ಯಾಕೆಂದು ತಿಳಿಯಬೇಕು.

ಈ ಔಷಧದ ಮೂಲ ಜಪಾನಿನ ಮಣ್ಣಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ಅದರ ಹಿಂದಿದ್ದ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಔಷಧ ಒಳ್ಳೆಯದೇ, ಆದರೆ ನೀರೆಂದರೆ ಅದಕ್ಕಾಗದು. ಒಂದು ಲೀಟರ್ ನೀರಲ್ಲಿ ಕರಗುವುದು ಸುಮಾರು 4 ಮಿಲಿಗ್ರಾಂ ಮಾತ್ರ. ಬಾಟ್ಲಿಯ ಒಂದು ಎಂ.ಎಲ್.ನಲ್ಲಿರುವುದು 10 ಮಿಲಿಗ್ರಾಂ. 50 ಕಿಲೋ ತೂಕದ ಪ್ರಾಣಿಗೆ ಅಷ್ಟು ಬೇಕು. ಅದನ್ನು ಬರೀ ನೀರಲ್ಲಿ ಕರಗಿಸಲು ಎರಡೂವರೆ ಲೀಟರ್ ನೀರು! ತೊಗಲಿನಡಿ ಎಲ್ಲಿ ತುಂಬುವುದು?

ಅದಕ್ಕೇ ಕಂಪನಿಯವರು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಾಲ್ ಫಾರ್ಮಲ್‌ನಂಥ ದ್ರವಗಳಲ್ಲಿ ಕರಗಿಸುತ್ತಾರೆ. ನೀರಿನ ಕಣಗಳು ಒಂದಕ್ಕೊಂದು ಕೈ ಹಿಡಿದು ನಿಂತ ಗುಂಪಿನ ಹಾಗೆ. ಎಣ್ಣೆ ಗುಣದ ಔಷಧದ ಕಣವನ್ನು ನಡುವೆ ಬಿಟ್ಟುಕೊಳ್ಳುವುದಿಲ್ಲ. ಗ್ಲೈಕಾಲ್‌ಗೆ ಎರಡೂ ಕಡೆ ಬಳಗ. ದಲಾಲರ ಕೆಲಸವೇ, ಕಮಿಷನ್ ಇಲ್ಲ ಅಷ್ಟೇ.

ಈ ದ್ರವಕ್ಕೆ ನೀರು ಸೇರಿದರೆ ಔಷಧ ಹಿಡಿಯುವ ಶಕ್ತಿ ಕಳೆದ ಲೆಕ್ಕದಲ್ಲಿ ಇಳಿಯುವುದಿಲ್ಲ, ಭಾಗಿಸಿದ ಲೆಕ್ಕದಲ್ಲಿ ಇಳಿಯುತ್ತದೆ. ಉದಾಹರಣೆಗೆ, ಹತ್ತು ಪಾಲಿನಲ್ಲಿ ಒಂದು ಪಾಲು ನೀರಾದರೆ ರೂಪಾಯಿಯ ಶಕ್ತಿ ಎಂಟಾಣೆ ಆಯಿತೆನ್ನಿ. ಎರಡು ಪಾಲಿಗೆ ನಾಲ್ಕಾಣೆ, ಮೂರಕ್ಕೆ ಎರಡಾಣೆ, ನಾಲ್ಕಕ್ಕೆ ಒಂದಾಣೆ. ಅರ್ಧಕ್ಕರ್ಧ ನೀರಾದಾಗ ಉಳಿಯುವುದು ಅರ್ಧ ಆಣೆ. ಔಷಧ ಮಾತ್ರ ಇನ್ನೂ ಎಂಟಾಣೆಯಷ್ಟಿದೆ! ಹಿಡಿಯಲಾರದ್ದು ಬಿಳಿ ಮೋಡದಂತೆ ಹೊರಬಿದ್ದು ತಳ ಸೇರುತ್ತದೆ. ಆಗ ಒಂದು ಕುರಿಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು. ಕಡಿಮೆ ಬಿದ್ದಲ್ಲಿ ಜಂತು ಸಾಯುವುದಿಲ್ಲ, ಔಷಧ ತಡೆದುಕೊಳ್ಳುವ ಜಂತುಗಳೇ ಉಳಿದು ಬೆಳೆಯುತ್ತವೆ. ಪ್ರತಿವರ್ಷ ಔಷಧ ಬದಲಿಸುವ ನಮ್ಮ ಪಾಡಿಗೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

"ಬೆಳಿಗೆ ಹೊಡಿಯೋ ಎಣ್ಣಿನೂ ನೀರಾಗ ಬೆಳ್ಳಗಾಕ್ಕೈತಲ್ಲ?" ಎನ್ನಬಹುದು. ಅದರ ಲೆಕ್ಕ ಬೇರೆ. ಅದರಲ್ಲಿ ಸೋಪಿನಂಥ ಪದಾರ್ಥ ಮೊದಲೇ ಸೇರಿಸಿರುತ್ತಾರೆ. ಔಷಧ ಸಣ್ಣ ಹನಿಗಳಾಗಿ ತೇಲುತ್ತದೆ, ಕಲಕಿ ಹೊಡೆದರಾಯಿತು. ಇಂಜೆಕ್ಷನ್‌ಗೆ ಆ ಏರ್ಪಾಡಿಲ್ಲ. ಕುರಿಗೆ ಕುಡಿಸುವ ಐವರ್‌ಮೆಕ್ಟಿನ್ ಬಾಟ್ಲಿ ಬೇರೆಯೇ ಬರುತ್ತದೆ. ಅದನ್ನು ಚುಚ್ಚಬಾರದು.

ದ್ರವ ಮಂದ ಅನಿಸಿದರೆ ಬಾಟ್ಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತುಸು ದಪ್ಪ ಸೂಜಿ ಬಳಸಿ. ಸಿರಿಂಜು ಕುದಿಸಿದ್ದರೆ ಒಳಗಿನ ನೀರು ಪೂರ್ತಿ ಒಣಗಿರಲಿ. ಕೊಡುವುದು ತೊಗಲಿನಡಿ ಮಾತ್ರ, ನರಕ್ಕಲ್ಲ. ಹಾಲು ಕೊಡುವ ದನಕ್ಕಾದರೆ ದನದ ದವಾಖಾನೆಯಲ್ಲಿ ಕೇಳದೆ ಬಾಟ್ಲಿ ಮುಟ್ಟಬೇಡಿ. ಈ ಔಷಧ ಹಾಲಿಗೂ ಇಳಿಯುತ್ತದೆ.