ಎಚ್‌ಐವಿ ಸೋಂಕಿನ ವಿಷಯವನ್ನು ಸ್ನೇಹಿತರಿಗೆ ತಿಳಿಸುವುದು: ಸೋಂಕಿತರ ಹಕ್ಕುಗಳು ಹಾಗೂ ಗಮನಿಸಬೇಕಾದ ಅಂಶಗಳು

ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಸೋಂಕು ದೃಢಪಟ್ಟ ಅನೇಕರನ್ನು ಕಾಡುವ ಮೊದಲ ಪ್ರಶ್ನೆ ಚಿಕಿತ್ಸೆಗೆ ಸಂಬಂಧಿಸಿದ್ದಲ್ಲ. ಈ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು. ತಂದೆತಾಯಿಗೆ ಹೇಳಲು ಅಂಜಿಕೆ, ಒಡಹುಟ್ಟಿದವರ ಮದುವೆಗೆ ಅಡ್ಡಿಯಾದೀತೆಂಬ ಚಿಂತೆ, ಊರಿನಲ್ಲಿ ಸುದ್ದಿಯಾದೀತೆಂಬ ಭಯ ಇವೆಲ್ಲ ಒಟ್ಟಿಗೆ ಎದುರಾಗುತ್ತವೆ. ಇಂತಹ ಸಂದರ್ಭದಲ್ಲಿ ಮನೆಯವರಿಗಿಂತ ಮೊದಲು ದೂರದ ಊರಿನಲ್ಲಿರುವ ಗೆಳೆಯರಿಗೆ, ಅಂತರಜಾಲ ಅಥವಾ ದೂರವಾಣಿಯ ಮೂಲಕವೇ ಪರಿಚಿತರಾಗಿ ಆಪ್ತರಾದವರಿಗೆ ವಿಷಯ ತಿಳಿಸುವವರು ಇದ್ದಾರೆ. ದೂರದವರಿಗೆ ನೆಂಟರ ಪರಿಚಯವಿರುವುದಿಲ್ಲ, ಊರಿನ ಹಂಗಿರುವುದಿಲ್ಲ. ಆದ್ದರಿಂದ ಅವರೊಡನೆ ಮಾತನಾಡುವುದು ಸುಲಭವೆನಿಸುವುದು ಸಹಜ. ಈ ರೀತಿ ತಿಳಿಸುವಾಗ ಕಾನೂನು ನೀಡಿರುವ ರಕ್ಷಣೆ ಯಾವುದು, ಅದರ ಮಿತಿ ಏನು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ತಿಳಿಸುವುದು ಕಡ್ಡಾಯವೇ?

ಕಡ್ಡಾಯವಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ, 2017 ದೇಶದಲ್ಲಿ ದಿನಾಂಕ 10-09-2018ರಿಂದ ಜಾರಿಯಲ್ಲಿದೆ. ಇದರ 8ನೇ ಪ್ರಕರಣದಂತೆ, ನ್ಯಾಯಾಲಯವು ನ್ಯಾಯದ ಹಿತದೃಷ್ಟಿಯಿಂದ ಅಗತ್ಯವೆಂದು ಆದೇಶಿಸಿದ ಹೊರತು, ಯಾವುದೇ ವ್ಯಕ್ತಿಯನ್ನು ತನ್ನ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಒತ್ತಾಯಿಸುವಂತಿಲ್ಲ. ಉದ್ಯೋಗ ನೀಡಲು ಅಥವಾ ಶಿಕ್ಷಣ ಸಂಸ್ಥೆಗೆ ಪ್ರವೇಶ ನೀಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವುದನ್ನೂ ಈ ಅಧಿನಿಯಮ ನಿಷೇಧಿಸಿದೆ. ಬಾಡಿಗೆ ಮನೆಯ ಮಾಲೀಕರು, ನೆರೆಹೊರೆಯವರು, ಸಹೋದ್ಯೋಗಿಗಳು ಕೇಳಿದ ಮಾತ್ರಕ್ಕೆ ಉತ್ತರಿಸಬೇಕಾದ ಹೊಣೆ ಯಾರ ಮೇಲೂ ಇರುವುದಿಲ್ಲ.

ಇದೇ ಪ್ರಕರಣದಲ್ಲಿ ಮತ್ತೊಂದು ಅಂಶವಿದ್ದು, ಅದು ಹೆಚ್ಚು ಪ್ರಚಾರ ಪಡೆದಿಲ್ಲ. ವಿಶ್ವಾಸವಿಟ್ಟು ತಿಳಿಸಲಾದ ಇನ್ನೊಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಸಮ್ಮತಿಯಿಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ. ಈ ನಿರ್ಬಂಧವು ವೈದ್ಯರಿಗೆ, ಶುಶ್ರೂಷಕರಿಗೆ, ಆಪ್ತ ಸಮಾಲೋಚಕರಿಗೆ ಮಾತ್ರ ಸೀಮಿತವಾಗಿಲ್ಲ. ಗುಟ್ಟಾಗಿ ಕೇಳಿಸಿಕೊಂಡ ಗೆಳೆಯರಿಗೂ ಇದು ಅನ್ವಯಿಸುತ್ತದೆ. ಅಂದರೆ, ಒಬ್ಬರಿಗೆ ಹೇಳಿದ ಮಾತ್ರಕ್ಕೆ ವಿಷಯವು ಸಾರ್ವಜನಿಕವಾಯಿತೆಂದು ಕಾನೂನು ಭಾವಿಸುವುದಿಲ್ಲ; ಮತ್ತೊಬ್ಬರಿಗೆ ಹೇಳುವ ಅಧಿಕಾರ ಸೋಂಕಿತ ವ್ಯಕ್ತಿಯ ಬಳಿಯೇ ಉಳಿಯುತ್ತದೆ. ಚಿಕಿತ್ಸೆಯಲ್ಲಿ ತೊಡಗಿರುವ ಒಬ್ಬ ವೈದ್ಯರು ಮತ್ತೊಬ್ಬ ವೈದ್ಯರಿಗೆ ತಿಳಿಸುವುದು, ನ್ಯಾಯಾಲಯದ ಆದೇಶ, ಗುರುತು ಪತ್ತೆಯಾಗದಂತಹ ಅಂಕಿಅಂಶ ಮುಂತಾದ ಕೆಲವೇ ವಿನಾಯಿತಿಗಳಿವೆ.

ಇಂತಹ ಸ್ಪಷ್ಟ ಕಾನೂನು ಮೊದಲು ಇರಲಿಲ್ಲ. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ವಿವಾಹ ನಿಶ್ಚಯವಾಗಿದ್ದ ವ್ಯಕ್ತಿಯೊಬ್ಬರ ಸೋಂಕಿನ ವಿಷಯವನ್ನು ಆಸ್ಪತ್ರೆಯೊಂದು ಹೊರಗೆಡಹಿ, ಮದುವೆ ಮುರಿದುಬಿದ್ದ ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಆಸ್ಪತ್ರೆಯಿಂದ ಗೋಪ್ಯತೆಯ ಉಲ್ಲಂಘನೆ ಆಗಿಲ್ಲವೆಂದು 1998ರಲ್ಲಿ ತೀರ್ಪು ನೀಡಲಾಯಿತು. ಸೋಂಕಿತರ ವಿವಾಹದ ಹಕ್ಕಿನ ಬಗ್ಗೆ ಆ ತೀರ್ಪಿನಲ್ಲಿದ್ದ ಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯದ ಹಿರಿಯ ಪೀಠ ಸ್ಪಷ್ಟಪಡಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್‌ನಲ್ಲಿ ಘೋಷಿತವಾಯಿತು.

ಸಂಗಾತಿಯ ವಿಷಯ ಬೇರೆ

ಸ್ನೇಹಿತರಿಗೆ ಹೇಳುವುದು ಐಚ್ಛಿಕವಾದರೂ ಲೈಂಗಿಕ ಸಂಗಾತಿಯ ಬಗ್ಗೆ ಕಾನೂನು ಭಿನ್ನವಾಗಿದೆ. ಸೋಂಕು ಇರುವುದನ್ನು ತಿಳಿದು, ಆಪ್ತ ಸಮಾಲೋಚನೆ ಪಡೆದಿರುವ ವ್ಯಕ್ತಿಯು ಸೋಂಕು ಹರಡದಂತೆ ಯುಕ್ತ ಮುನ್ನೆಚ್ಚರಿಕೆಗಳನ್ನು ಕೈಗೊಳ್ಳತಕ್ಕದ್ದೆಂದು 10ನೇ ಪ್ರಕರಣ ತಿಳಿಸುತ್ತದೆ. ಸಂಪರ್ಕಕ್ಕೆ ಮುನ್ನ ತನ್ನ ಸ್ಥಿತಿಯನ್ನು ತಿಳಿಸುವುದು ಅಂತಹ ಕ್ರಮಗಳಲ್ಲೊಂದು. ತಾನಾಗಿ ಹೇಳಲು ಸಾಧ್ಯವಾಗದಿದ್ದರೆ ಆಪ್ತ ಸಮಾಲೋಚಕರ ಸಮ್ಮುಖದಲ್ಲಿ ಹೇಳಬಹುದು. ಆದರೆ ಹೇಳಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಹಾಕಬಹುದು ಎಂಬ ಭೀತಿ ಇರುವ ಮಹಿಳೆಯರಿಗೆ ಅಧಿನಿಯಮವು ರಕ್ಷಣೆ ನೀಡಿದೆ: ಅಂತಹ ಸಂದರ್ಭದಲ್ಲಿ ವೈದ್ಯರಾಗಲಿ ಆಪ್ತ ಸಮಾಲೋಚಕರಾಗಲಿ ಪತಿಗೆ ವಿಷಯವನ್ನು ತಿಳಿಸತಕ್ಕದ್ದಲ್ಲ. ಗರ್ಭಿಣಿಯರ ತಪಾಸಣೆಯ ವೇಳೆ ಪತ್ನಿಯ ಸೋಂಕು ಮೊದಲು ಪತ್ತೆಯಾಗಿ, ಪತಿಯ ಪರೀಕ್ಷೆ ಆಗುವ ಮುನ್ನವೇ ಆಕೆಯ ಮೇಲೆ ಅಪವಾದ ಬರುವ ಸಾಧ್ಯತೆ ಇರುವುದರಿಂದ ಈ ಅಂಶವು ಮಹತ್ವದ್ದಾಗಿದೆ.

ಸ್ನೇಹಿತರಿಗೆ ತಿಳಿಸುವ ಮುನ್ನ

ಮೊದಲನೆಯದಾಗಿ ಫಲಿತಾಂಶ ಖಚಿತವಾಗಿರಬೇಕು. ಒಂದೇ ಪರೀಕ್ಷೆಯ ಆಧಾರದ ಮೇಲೆ ಸೋಂಕು ಇದೆಯೆಂದು ತೀರ್ಮಾನಿಸಲಾಗುವುದಿಲ್ಲ. ಸರ್ಕಾರಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ಬೇರೆ ಬೇರೆ ಕಿಟ್‌ಗಳನ್ನು ಬಳಸಿ ದೃಢಪಡಿಸಿಕೊಂಡ ನಂತರವೇ ವರದಿ ನೀಡಲಾಗುತ್ತದೆ. ಮೊದಲ ವರದಿ ಕೈಸೇರಿದ ರಾತ್ರಿಯೇ, ದುಗುಡದಲ್ಲಿ, ಹತ್ತಾರು ಜನರಿಗೆ ಸಂದೇಶ ಕಳುಹಿಸಿ ಆಮೇಲೆ ಪರಿತಪಿಸುವುದಕ್ಕಿಂತ ಒಂದೆರಡು ದಿನ ಕಾಯುವುದು ಒಳಿತು. ಅಷ್ಟರಲ್ಲಿ ಆಪ್ತ ಸಮಾಲೋಚಕರೊಡನೆ ಮಾತನಾಡಿದಲ್ಲಿ ರೋಗದ ಬಗ್ಗೆ ತನಗೇ ಸರಿಯಾದ ತಿಳಿವಳಿಕೆ ಮೂಡುತ್ತದೆ. ಗೆಳೆಯರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಅದು ಬೇಕೇ ಬೇಕು.

ಆ ಉತ್ತರಗಳು ಇಂದು ಧೈರ್ಯ ನೀಡುವಂತಿವೆ. ಕರ್ನಾಟಕವೂ ಸೇರಿದಂತೆ ಹೆಚ್ಚು ಸೋಂಕಿದ್ದ ರಾಜ್ಯಗಳಲ್ಲಿ ದಿನಾಂಕ 01-04-2004ರಿಂದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ರೋಗನಿರೋಧಕ ಕಣಗಳ ಎಣಿಕೆ ಇಳಿಯುವವರೆಗೆ ಕಾಯಿಸುವ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟು, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ನೀಡಲಾಗುತ್ತಿದೆ. ಮಾತ್ರೆಯನ್ನು ಪ್ರತಿದಿನ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದಿರುವವರಿಂದ ಲೈಂಗಿಕ ಸಂಗಾತಿಗೆ ಸೋಂಕು ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ. ಜೊತೆಯಲ್ಲಿ ಊಟ ಮಾಡುವುದು, ಒಂದೇ ಶೌಚಾಲಯ ಬಳಸುವುದು, ಸೊಳ್ಳೆ ಕಡಿತ ಇವುಗಳಿಂದ ಸೋಂಕು ಎಂದಿಗೂ ಹರಡುವುದಿಲ್ಲ. ಇಷ್ಟನ್ನು ಸಮಾಧಾನದಿಂದ ಹೇಳಬಲ್ಲವರ ಮಾತನ್ನು ಗೆಳೆಯರೂ ಸಮಾಧಾನದಿಂದ ಕೇಳುವ ಸಂಭವ ಹೆಚ್ಚು.

ಎರಡನೆಯದಾಗಿ, ಯಾವ ಸಹಾಯ ಬೇಕಾಗಿದೆ ಎಂಬುದನ್ನು ನಿರ್ಧರಿಸಿಕೊಳ್ಳುವುದು ಸೂಕ್ತ. ಪ್ರತಿದಿನ ಮಾತ್ರೆಯ ಹೊತ್ತಿಗೆ ಕರೆ ಮಾಡಿ ನೆನಪಿಸುವ ಕೆಲಸವನ್ನು ನೂರಾರು ಮೈಲಿ ದೂರದ ಗೆಳತಿಯೂ ಮಾಡಬಲ್ಲಳು. ಚಿಕಿತ್ಸೆಯ ಯಶಸ್ಸು ನಿಂತಿರುವುದು ಈ ನಿಯಮಿತತೆಯ ಮೇಲೆಯೇ. ಆದರೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯಲು, ಮಕ್ಕಳನ್ನು ಒಂದು ದಿನ ನೋಡಿಕೊಳ್ಳಲು ಸಮೀಪದಲ್ಲಿರುವವರು ಒಬ್ಬರಾದರೂ ಬೇಕು. ಆದ್ದರಿಂದ ದೂರದವರ ಬೆಂಬಲ ದೊರೆತ ನಂತರ, ಹತ್ತಿರದವರೊಬ್ಬರಿಗೂ ತಿಳಿಸುವ ಬಗ್ಗೆ ಯೋಚಿಸಬೇಕೆಂದು ಸಲಹೆ ನೀಡಲಾಗುತ್ತದೆ.

ಮೂರನೆಯದು, ತಿಳಿಸುವ ವಿಧಾನ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಸಂದೇಶ ಉಳಿಯುತ್ತದೆ. ಅದರ ಚಿತ್ರ ತೆಗೆದು ಇನ್ನೊಂದು ಗುಂಪಿಗೆ ರವಾನಿಸಲು ಕ್ಷಣ ಸಾಕು. ಪರೀಕ್ಷಾ ವರದಿ, ಎಆರ್‌ಟಿ ಕೇಂದ್ರದ ಚಿಕಿತ್ಸಾ ಪುಸ್ತಕ, ನೋಂದಣಿ ಸಂಖ್ಯೆ ಕಾಣುವ ಮಾತ್ರೆ ಡಬ್ಬಿಯ ಛಾಯಾಚಿತ್ರ ಇವುಗಳನ್ನು ಯಾರಿಗೂ ಕಳುಹಿಸಬಾರದು. ಮುಖತಃ ಕಂಡಿರದ ವ್ಯಕ್ತಿಗೆ ನಿಜನಾಮ, ಊರು, ಕೆಲಸದ ಸ್ಥಳಗಳನ್ನು ತಿಳಿಸದೆಯೂ ಮನಸ್ಸಿನ ಭಾರವನ್ನು ಹೇಳಿಕೊಳ್ಳಬಹುದು. ಹೇಳುವಾಗಲೇ ‘ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ’ ಎಂದು ಬಿಡಿಸಿ ತಿಳಿಸಬೇಕು. ವಿಶ್ವಾಸವಿಟ್ಟು ಹೇಳಿದ ಮಾತು ಇದೆಂಬುದಕ್ಕೆ ಮುಂದೆ ಅದು ಆಧಾರವಾಗುತ್ತದೆ.

ಸೌಲಭ್ಯಗಳಿಗೆ ಅರ್ಜಿಯನ್ನು ಬೇರೊಬ್ಬರಿಂದ ಬರೆಯಿಸುವವರೂ ಇದೇ ಎಚ್ಚರ ವಹಿಸಬೇಕು. ಅರ್ಜಿಗೆ ಅಗತ್ಯವಿಲ್ಲದಿದ್ದಲ್ಲಿ ರೋಗದ ಹೆಸರನ್ನು ನಮೂದಿಸುವುದು ಬೇಡ. ಸೋಂಕಿತರ ವಿವರಗಳನ್ನು ಇಟ್ಟುಕೊಂಡಿರುವ ಯಾವುದೇ ಸಂಸ್ಥೆ ಅಥವಾ ಕಚೇರಿಯು ಅವು ಹೊರಹೋಗದಂತೆ ಕ್ರಮ ವಹಿಸುವುದು ಕಡ್ಡಾಯ.

ಗೆಳೆಯರ ಸಲಹೆ ಎಲ್ಲಿಯವರೆಗೆ?

ಪ್ರೀತಿಯಿಂದ ಕೊಟ್ಟ ಸಲಹೆಯೆಲ್ಲ ಸರಿಯಾಗಿರಬೇಕೆಂದಿಲ್ಲ. ರೋಗವನ್ನು ಸಂಪೂರ್ಣ ಗುಣಪಡಿಸುವುದಾಗಿ ಹೇಳುವ ಪುಡಿ, ಕಷಾಯ, ಲೇಹ್ಯಗಳ ವಿಳಾಸವನ್ನು ಆಪ್ತರೇ ತಂದುಕೊಡುವುದುಂಟು. ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ. ಬಿಟ್ಟು ಬಿಟ್ಟು ಸೇವಿಸಿದರೆ ಇರುವ ಔಷಧಿಗೆ ವೈರಾಣು ಬಗ್ಗದಂತಾಗುವ ಅಪಾಯವಿದೆ. ಬೇರಾವುದೇ ಔಷಧಿ ಸೇವಿಸುವ ಮುನ್ನ ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳತಕ್ಕದ್ದು. ಇದೇ ಸೋಂಕಿನೊಡನೆ ಹಲವು ವರ್ಷ ಬಾಳಿದವರ ಅನುಭವ ಇಲ್ಲಿ ನೆರವಿಗೆ ಬರುತ್ತದೆ. 1997ರಲ್ಲಿ ಚೆನ್ನೈನಲ್ಲಿ ಸೋಂಕಿತರೇ ಸೇರಿ ರಾಷ್ಟ್ರಮಟ್ಟದ ಒಕ್ಕೂಟವೊಂದನ್ನು ರಚಿಸಿಕೊಂಡರು. ಕರ್ನಾಟಕದಲ್ಲಿಯೂ ಸೋಂಕಿತರ ಸಂಘಗಳಿದ್ದು, ಅವುಗಳ ವಿವರ ಎಆರ್‌ಟಿ ಕೇಂದ್ರದಲ್ಲಿ ದೊರೆಯುತ್ತದೆ.

ಗೋಪ್ಯತೆ ಉಲ್ಲಂಘನೆಯಾದಲ್ಲಿ

ಒಮ್ಮೆ ಹರಡಿದ ಸುದ್ದಿಯನ್ನು ಯಾವ ಕಾನೂನೂ ಹಿಂದಕ್ಕೆ ತರಲಾರದು. ನಂತರದ ಹಾನಿಯನ್ನು ತಡೆಯಬಲ್ಲದು. ಸೋಂಕಿನ ಕಾರಣಕ್ಕಾಗಿ ಉದ್ಯೋಗದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಬಿಡಿಸುವುದು ನಿಷಿದ್ಧ ತಾರತಮ್ಯವಾಗಿರುತ್ತದೆ. ಸೋಂಕಿತರೊಡನೆ ಒಂದೇ ಮನೆ ಅಥವಾ ಕೊಠಡಿಯಲ್ಲಿ ವಾಸಿಸುವವರಿಗೂ, ಅವರಿಗೆ ಸೋಂಕು ಇಲ್ಲದಿದ್ದರೂ, ಈ ರಕ್ಷಣೆ ದೊರೆಯುತ್ತದೆ. ಸೋಂಕಿತರ ವಿರುದ್ಧ ದ್ವೇಷ ಹುಟ್ಟಿಸುವ ಮಾತು ಅಥವಾ ಬರಹವನ್ನು ಹರಡಿದವರಿಗೆ 3 ತಿಂಗಳಿಂದ 2 ವರ್ಷಗಳವರೆಗೆ ಕಾರಾಗೃಹವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

100 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ಆರೋಗ್ಯ ಸಂಸ್ಥೆಯಾದರೆ 20 ಅಥವಾ ಹೆಚ್ಚು ಜನರಿರುವಲ್ಲಿ, ದೂರು ಅಧಿಕಾರಿಯನ್ನು ನೇಮಿಸಿರತಕ್ಕದ್ದು. ತಾರತಮ್ಯ ಹಾಗೂ ಚಿಕಿತ್ಸೆ ನಿರಾಕರಣೆಯ ದೂರುಗಳನ್ನು ವಿಚಾರಿಸಲು ರಾಜ್ಯ ಸರ್ಕಾರಗಳು ಒಂಬುಡ್ಸ್‌ಮನ್ ಅವರನ್ನು ನೇಮಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಹೆಸರು ಬಯಲಾದೀತೆಂದು ದೂರು ನೀಡಲು ಹಿಂಜರಿಯಬೇಕಾಗಿಲ್ಲ: ನ್ಯಾಯಾಲಯದ ವ್ಯವಹರಣೆಯಲ್ಲಿ ನಿಜನಾಮದ ಬದಲು ಬೇರೊಂದು ಹೆಸರನ್ನು ಬಳಸಲು ಕೋರಬಹುದು.

ಯಾರಿಗೆ, ಹೇಗೆ ತಿಳಿಸಬೇಕೆಂಬ ಬಗ್ಗೆ ಮಾರ್ಗದರ್ಶನ ಬೇಕಾದವರು ಸಮೀಪದ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಅಥವಾ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರನ್ನು ಭೇಟಿ ಮಾಡಬಹುದು. ಹೆಸರು ಹೇಳಲು ಇಚ್ಛಿಸದವರು ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1097ಕ್ಕೆ ಕರೆ ಮಾಡಬಹುದಾಗಿದೆ.